ಮಗು ಸಾಯದ ಪುಸ್ತಕಗಳು

27 ಸೆಪ್ಟೆಂಬರ್ 2024, ಇತ್ತಲಾರ್

ಊಟಿಯ ಆಸ್ಪತ್ರೆಯಿಂದ ಮನೆಗೆ ಬಂದೆ. ಹೊಲಿಗೆ ಬಿದ್ದಿದೆ. ಗರ್ಭದ ಬಾಯಿ ಸಡಿಲವಂತೆ, ಭಾರ ತಡೆಯುವುದಿಲ್ಲವಂತೆ. ಹಿಂದಿನ ಎರಡೂ ಉಳಿಯದೇ ಹೋದದ್ದು ಅದಕ್ಕೇ ಇರಬೇಕು ಎಂದರು ಡಾಕ್ಟರಮ್ಮ. ಇನ್ನು ಹೆರಿಗೆಯವರೆಗೆ ಮಲಗಿರಬೇಕು. ಬಚ್ಚಲಿಗೆ ಹೋಗಬಹುದು, ಅಡುಗೆಮನೆಗೆ ಬೇಡ. ಬಸ್ಸು, ಘಾಟಿ ರಸ್ತೆ ಎಂದು ಬಾಯಿ ಬಿಡಲೇಬಾರದು.

ಬಿಡುಗಡೆ ಚೀಟಿಯಲ್ಲಿ ಅಮೃತಾ ಎಂಬ ನನ್ನ ಹೆಸರನ್ನು ತಪ್ಪು ಬರೆದಿದ್ದರು. ಕೆಂಪು ಪೆನ್ನು ತೆಗೆದು ತಿದ್ದಿದೆ. ಗಿರೀಶ್ ನಕ್ಕ. ಮೈಸೂರಿನ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಕರಡು ತಿದ್ದಿದ ಕೈ ಇದು. ಮದುವೆಯಾಗಿ ಈ ಹಟ್ಟಿಗೆ ಬಂದ ಮೇಲೂ ಕಂಪ್ಯೂಟರಿನಲ್ಲಿ ಕರಡು ತರಿಸಿಕೊಂಡು ತಿದ್ದುತ್ತಿದ್ದೆ. ಹೋದ ತಿಂಗಳು ಅದನ್ನೂ ಬಿಟ್ಟೆ. ಈಗ ತಿದ್ದಲು ಈ ಮನೆಯೊಂದೇ ಉಳಿದಿದೆ.

ಪ್ರೆಸ್ಸಿನಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ನಮಗೆಲ್ಲ ಸಿಗುತ್ತಿತ್ತು. ಓದಲು ಬಿಡುವಿರಲಿಲ್ಲ. ಅವನ್ನೆಲ್ಲ ಗಿರೀಶ್ ಚಹಾ ಎಲೆ ತುಂಬುವ ಎರಡು ಚೀಲಗಳಲ್ಲಿ ತಂದು ಮಂಚದ ಪಕ್ಕ ಇಟ್ಟಿದ್ದಾನೆ. ಗಿರೀಶನ ತಾಯಿ ಕರಿಯಮ್ಮ ಬಾಗಿಲಲ್ಲೇ ನಿಂತು, ಇಷ್ಟನ್ನೂ ಓದಿದರೆ ಕಣ್ಣು ಹೋಗುತ್ತದೆ ಎಂದರು. ಅವನು "ಬುಡು ಅವ್ವೆ" ಎಂದ. ಇಲ್ಲಿ ತಾಯಿಯನ್ನು ಹಾಗೆ ಕರೆಯುತ್ತಾರೆ.

ಓದಬೇಕಾದವುಗಳ ಪಟ್ಟಿ ಮಾಡಿ, ಮೊದಲನೆಯದನ್ನು ಕೈಗೆತ್ತಿಕೊಂಡೆ. ರೇಷ್ಮೆ ವ್ಯಾಪಾರಿಯ ಮನೆತನದ ಕಾದಂಬರಿ. ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ತೊಟ್ಟಿಲಲ್ಲಿ ಮಗು ಸತ್ತಿತು. ಪುಸ್ತಕ ಮುಚ್ಚಿ, ಪಟ್ಟಿಯಲ್ಲಿ ಅದರ ಹೆಸರನ್ನು ಹೊಡೆದುಹಾಕಿದೆ. ಗೆರೆ ಸೊಟ್ಟಗಾಯಿತು.

2 ಅಕ್ಟೋಬರ್

ಕಲಾಗೆ ಫೋನು ಮಾಡಿದೆ. ಪ್ರೆಸ್ಸಿನಲ್ಲಿ ನನ್ನ ಎದುರು ಮೇಜಿನವಳು, ಅಚ್ಚಾದದ್ದನ್ನೆಲ್ಲ ಓದಿರುವ ಏಕೈಕ ಪ್ರಾಣಿ. ನಾನು ಪುಸ್ತಕದ ಹೆಸರು ಹೇಳಬೇಕು, ಅವಳು 'ಹೂಂ' ಅಥವಾ 'ಬೇಡ' ಅನ್ನಬೇಕು, ಕಾರಣ ಹೇಳಬಾರದು. ಮಗು ಸಾಯಬಾರದು, ಬಸುರಿ ಸಾಯಬಾರದು, ಬಸಿರು ಇಳಿಯಬಾರದು. ಉಳಿದವರು ಯಾರು ಬೇಕಾದರೂ ಸಾಯಲಿ.

ಬೇಡ, ಬೇಡ, ಬೇಡ, ಹೂಂ, ಬೇಡ. ಮಗುವನ್ನು ಕೊಲ್ಲದೆ ಕಥೆ ಮುಂದಕ್ಕೆ ತಳ್ಳಲು ನಮ್ಮವರಿಗೆ ಬಾರದೇ? ಕೊನೆಗೆ ಕಲಾಗೇ ಸಾಕಾಗಿ, ಅಡುಗೆ ಪುಸ್ತಕ ಓದಿಕೊಂಡಿರೇ ಎಂದಳು. ಎರಡು ಚೀಲದಲ್ಲಿ ಉಳಿದದ್ದು ಎರಡು ಪತ್ತೇದಾರಿ, ಒಂದು ಹಡಗಿನ ಪ್ರವಾಸ, ಜೇನು ಸಾಕಣೆ, ನಿಘಂಟು, ಮತ್ತೆ ಗಡಿಯಾರ ರಿಪೇರಿಯವನ ಕಾದಂಬರಿ. ಕೊನೆಯದಕ್ಕೆ ಹೂಂ ಅನ್ನುವ ಮುಂಚೆ ಅವಳು ಸ್ವಲ್ಪ ತಡವರಿಸಿದಳು.

ತಪ್ಪಾಗಿ ಹೊಡೆದದ್ದನ್ನು ಉಳಿಸಿಕೊಳ್ಳಬೇಕಾದರೆ, ಅದರ ಕೆಳಗೆ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ 'ಇದ್ದಂತೆ ಇರಲಿ' ಎಂದು ಬರೆಯುವುದು ನಮ್ಮ ಪ್ರೆಸ್ಸಿನ ಪದ್ಧತಿ. ನಾನು ಅದನ್ನು ಬರೆದದ್ದು ಅಪರೂಪ. ನಾನು ಹೊಡೆದರೆ ಹೊಡೆದ ಹಾಗೆಯೇ.

ಇದೆಲ್ಲ ಮೌಢ್ಯ ಎಂದು ಗೊತ್ತು. ಗೊತ್ತಿದ್ದೂ ಭಯ ಹೋಗುವುದಿಲ್ಲ. ಓದಿದ್ದು ಒಳಗೆ ಇಳಿದು ಹೊಟ್ಟೆಯಲ್ಲಿರುವುದನ್ನು ಮುಟ್ಟಿಬಿಡುತ್ತದೆ ಅನ್ನಿಸುತ್ತದೆ.

19 ಅಕ್ಟೋಬರ್

ಬೆಳಿಗ್ಗೆ ರಕ್ತದ ಕಲೆ ಕಂಡಿತು. ಅಲುಗಾಡಬೇಡಿ ಎಂದರು ಡಾಕ್ಟರಮ್ಮ.

ನಿನ್ನೆ ಓದಿದ್ದು ಜೇನು ಸಾಕಣೆ. ಹೊಸ ರಾಣಿ ಹುಳು, ಗೂಡಿನಿಂದ ಇನ್ನೂ ಹೊರಬರದ ತಂಗಿಯರನ್ನು ಚುಚ್ಚಿ ಕೊಲ್ಲುತ್ತದಂತೆ. ಕಲಾ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಡೆದೆ.

20 ಅಕ್ಟೋಬರ್

ನಿಂತಿದೆ.

8 ನವೆಂಬರ್

ಮಳೆ ಬಿಡುತ್ತಿಲ್ಲ. ರಸ್ತೆಗೆ ಮಣ್ಣು ಕುಸಿದು ಬಸ್ಸಿಲ್ಲ. ಗಿರೀಶ್ ಕೂನೂರಿನಲ್ಲೇ ಉಳಿದಿದ್ದಾನೆ. ಚಹಾ ಹರಾಜಿನ ವಾರ ಬ್ರೋಕರ್ ಆಫೀಸಿನಲ್ಲಿ ರಜೆ ಕೇಳುವಂತಿಲ್ಲ. ಎಲೆ ಕೀಳಲು ಹೋಗಲಾಗದೆ ಅತ್ತೆ ಮನೆಯಲ್ಲೇ ಇದ್ದಾರೆ. ಅವರ ತಮಿಳು ವಾರಪತ್ರಿಕೆ ಬಂದಿಲ್ಲ, ಧಾರಾವಾಹಿಯ ನಾಯಕಿ ಕಳೆದ ವಾರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳು ಇನ್ನೂ ಅಲ್ಲೇ ನಿಂತಿದ್ದಾಳೆ. ಆ ಸಿಟ್ಟು ಅವರಿಗೆ. ಚಹಾ ತಂದವರು ಮಂಚದ ಕಾಲ ಬಳಿ ಕುಕ್ಕರಿಸಿ, ನನ್ನ ಬುಕ್ಕಿನಲ್ಲಿ ಏನಿದೆ ಎಂದು ಕೇಳಿದರು.

ಕನ್ನಡ ಅಕ್ಷರ ಅವರಿಗೆ ಬಾರದು. ಆದರೆ ಓದಿ ಹೇಳಿದರೆ ತಿಳಿಯುತ್ತದೆ. ಅವರ ಬಡಗ ನನ್ನ ಕನ್ನಡಕ್ಕೆ ದಾಯಾದಿ. ಅರ್ಧ ನನ್ನದು, ಅರ್ಧ ನನ್ನದಲ್ಲ. ಗಡಿಯಾರ ರಿಪೇರಿಯವನ ಕಾದಂಬರಿ ಶುರು ಮಾಡಿದೆ. ಅವನಿಗೊಬ್ಬಳು ಮಗಳು, ಪಾರಿ. ಅಂಗಡಿಯ ಗಡಿಯಾರಗಳೆಲ್ಲ ಬೇರೆ ಬೇರೆ ಗಂಟೆ ತೋರಿಸುವುದರಿಂದ ಅವಳಿಗೆ ಶಾಲೆಯ ಹೊತ್ತು ತಿಳಿಯುವುದಿಲ್ಲ. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಕಥೆ ಎನಗ ಹಿಡಿಸಿತು ಎಂದರು. ನಾನು ಅಭ್ಯಾಸಬಲದಿಂದ, ಎನಗ ಅಲ್ಲ, ನನಗೆ ಎಂದೆ.

"ನೀ ಎನ್ನ ಬಾಯ ತಿದ್ದ ಬೇಡ," ಎಂದರು. "ಓದು."

20 ನವೆಂಬರ್

ಕಲಾ ಮರೆತಿದ್ದಾಳೆ. ಅಥವಾ, ಇಷ್ಟು ಸಣ್ಣದನ್ನು ಯಾರು ಲೆಕ್ಕ ಇಡುತ್ತಾರೆ ಎಂದುಕೊಂಡಿದ್ದಾಳೆ.

ಪಾರಿಗೆ ಜ್ವರ ಬಂತು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೇಳುತ್ತಿದ್ದರು. ನನ್ನ ಕಣ್ಣು ಬಾಯಿಗಿಂತ ಮುಂದೆ ಓಡುತ್ತದೆ, ಕಸುಬಿನವರ ಕಣ್ಣು. ಪುಟದ ಕೊನೆಯ ಸಾಲು ಕಂಡುಬಿಟ್ಟಿತು. ಓದುವುದನ್ನು ನಿಲ್ಲಿಸಿದರೆ ಅವರು ಕೇಳುತ್ತಾರೆ, ಓದಿದರೆ ಆ ಮಾತು ನನ್ನ ಬಾಯಿಂದಲೇ ಬರಬೇಕು, ಅದು ಕೇಳಿಸಿಕೊಳ್ಳುತ್ತದೆ. ಈ ತಿಂಗಳಲ್ಲಿ ಅದಕ್ಕೆ ಕಿವಿ ಬಂದಿರುತ್ತದೆ ಎಂದು ಗಿರೀಶ್ ಎಲ್ಲೋ ನೋಡಿ ಹೇಳಿದ್ದ.

ಅದೇ ಪುಟವನ್ನು ನೋಡುತ್ತ, ಅದರಲ್ಲಿ ಇಲ್ಲದ್ದನ್ನು ಓದಿದೆ. ಪಾರಿಗೆ ಬೆವರಿತು, ಜ್ವರ ಇಳಿಯಿತು, ಗಂಜಿ ಕುಡಿದಳು. ಅಪ್ಪ ಅಂಗಡಿಯ ಗಡಿಯಾರಗಳನ್ನೆಲ್ಲ ಒಂದೇ ಗಂಟೆಗೆ ತಿರುಗಿಸಿಟ್ಟ. ಮತ್ತೆ ಅವಳು ದೊಡ್ಡವಳಾಗಿ ಟೀಚರಾದದ್ದನ್ನೂ ಸೇರಿಸಿ ಕಥೆ ಮುಗಿಸಿಬಿಟ್ಟೆ. ಕೆಟ್ಟ ಬರವಣಿಗೆ. ಬೇರೆಯವರು ಬರೆದಿದ್ದರೆ ಅಂಚಿನ ತುಂಬ ಪ್ರಶ್ನೆ ಹಾಕುತ್ತಿದ್ದೆ.

ಅತ್ತೆ ಬೆಳ್ಳುಳ್ಳಿ ಸಿಪ್ಪೆ ಬಾಚಿಕೊಂಡು ಎದ್ದರು.

4 ಡಿಸೆಂಬರ್

ಇವತ್ತು ಕೇಳಿಸಿಕೊಂಡದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

ಹೊರಗಿನ ಕೋಣೆಯಲ್ಲಿ ಗಿರೀಶನ ತಾಯಿ, ಹಟ್ಟಿಯ ಹಿರಿಯ ಭೋಜನ್ ಜೊತೆ ಮಾತಾಡುತ್ತಿದ್ದರು. ನನಗೆ ನಿದ್ದೆ ಎಂದುಕೊಂಡಿರಬೇಕು. "ಏಳು ಹುಟ್ಟಿದ ದಿನವೇ ಕಣ್ಣಿ ಹಾಕಿಬುಡೋಣ. ಇನ್ನು ಅವ ಎಲ್ಲಿಗೂ ಹೋಗದು," ಎಂದರು. ಇಲ್ಲಿ 'ಏಳು' ಎಂದರೆ ಬಸಿರಿನ ಏಳನೇ ತಿಂಗಳು, 'ಅವ' ಎಂದರೆ ಅವಳು. ಅವಳು ಎಂದರೆ ನಾನು.

ಕಣ್ಣಿ ನನಗೆ ಗೊತ್ತು. ತವರಿನಲ್ಲಿ, ಬೇಗೂರಿನ ನಮ್ಮ ಕೊಟ್ಟಿಗೆಯಲ್ಲಿ ಗೂಟಕ್ಕೊಂದು ತೂಗುತ್ತಿತ್ತು. ಹಾಲು ಕರೆಯುವಾಗ ಕರುವಿನ ಕೊರಳಿಗೆ ಹಾಕುವ ಹಗ್ಗ. ಹೆರಿಗೆಗೆ ಅಪ್ಪನ ಮನೆಗೆ ಹೋಗುವ ಆಸೆಯನ್ನು ನಾನು ಒಮ್ಮೆ ಗಿರೀಶನ ಹತ್ತಿರ ಆಡಿದ್ದೆ. ಅದಕ್ಕೆ ಇವರ ಉತ್ತರ ಇದು. ಗಬ್ಬದ ಹಸುವಿನ ಹಾಗೆ ಕಟ್ಟಿ ಹಾಕುತ್ತಾರಂತೆ, ಅದಕ್ಕೊಂದು ದಿನವನ್ನೂ ಗೊತ್ತು ಮಾಡುತ್ತಾರಂತೆ. ನಾಲ್ಕು ವರ್ಷ ಈ ಮನೆಯ ಅನ್ನ ತಿಂದು, ನಾನು ಇವರಿಗೆ ಕೊಟ್ಟಿಗೆಯ ಬಾಬತ್ತಾದೆ.

ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪನಿಗೆ ಮೆಸೇಜು ಹಾಕಿದೆ. ಬಂದು ಕರೆದುಕೊಂಡು ಹೋಗು, ಗಿರೀಶನಿಗೆ ಹೇಳಬೇಡ.

11 ಡಿಸೆಂಬರ್

ಅಪ್ಪ ಇಪ್ಪತ್ತೆರಡಕ್ಕೆ ಕಾರು ಮಾಡಿಕೊಂಡು ಬರುತ್ತಾನೆ. ಈಗ ಊಟಿಯ ಕಡೆಗೆ ಹೊರಗಿನ ಕಾರು ಬರಬೇಕಾದರೆ ಇ-ಪಾಸ್ ಬೇಕು, ಅದನ್ನು ಅಣ್ಣನ ಮಗಳು ಮಾಡಿಕೊಟ್ಟಳಂತೆ.

ಘಾಟಿ ಇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಗೂಡಲೂರಿನವರೆಗಿನ ತಿರುವುಗಳೆಲ್ಲ ಕಣ್ಣ ಮುಂದೆ ಬರುತ್ತವೆ. ಹೊಲಿಗೆ ಹಿಡಿಯುತ್ತದೆ ಎಂದುಕೊಳ್ಳುತ್ತೇನೆ. ಹಿಡಿಯದಿದ್ದರೆ ಎಂಬುದನ್ನು ಪೂರ್ತಿ ಯೋಚಿಸುವುದಿಲ್ಲ, ಅರ್ಧಕ್ಕೇ ಬೇರೆ ಕಡೆ ತಿರುಗುತ್ತೇನೆ.

ಯಾವ ಪುಸ್ತಕ ಒಯ್ಯಬೇಕು ಎಂದು ಪಟ್ಟಿ ಹಿಡಿದು ಕೂತೆ. ಹೊಡೆಯದೆ ಉಳಿದವು ಆಗಲೇ ಓದಿ ಮುಗಿದಿವೆ, ನಿಘಂಟು ಬಿಟ್ಟರೆ. ನಿಘಂಟನ್ನೇ ಚೀಲಕ್ಕೆ ಹಾಕಿದೆ. ಅದರಲ್ಲೂ ಸಾವು ಇದೆ, ಆದರೆ ಯಾರದೂ ಅಲ್ಲ.

ಗಿರೀಶ್ ಹತ್ತಿರ ಎರಡು ಸಲ ಕೇಳಲು ಹೊರಟೆ. ಏಳನೇ ತಿಂಗಳಿಗೆ ಅವ್ವೆ ಏನೋ ಇಟ್ಟುಕೊಂಡಿದ್ದಾಳೆ, ಸಣ್ಣದು, ನಿನಗೆ ಗೊತ್ತಿರಬೇಕಲ್ಲ ಎಂದು ಅವನೇ ಹೇಳಿ, ಫೋನು ಬಂತೆಂದು ಎದ್ದು ಹೋದ. ಗೊತ್ತು, ಚೆನ್ನಾಗಿ ಗೊತ್ತು. ಗಿರೀಶನ ತಾಯಿ ತಂದ ಚಹಾ ಕುಡಿಯದೆ ಆರಿಸಿಟ್ಟೆ. ಕಥೆ ಓದು ಎಂದು ಅವರೂ ಕೇಳಲಿಲ್ಲ.

22 ಡಿಸೆಂಬರ್

ಕೂತು ಬರೆಯಬಾರದು, ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಹೇಗೋ ಇರಲಿ.

ಅಪ್ಪ ಹೊತ್ತಿಗೆ ಮುಂಚೆಯೇ ಬಂದ. ಕಾರಿನ ಸದ್ದು ಕೇಳಿ ಚೀಲ ಎತ್ತಿಕೊಂಡು ನಡೆದೆ. ಕೋಣೆಯಿಂದ ಹೊರಬಾಗಿಲಿಗೆ ಎಷ್ಟು ದೂರವಿದೆ ಎಂದು ಮರೆತೇ ಹೋಗಿತ್ತು. ಹೊಸಿಲ ಹತ್ತಿರ ಹೊಟ್ಟೆ ಬಿಗಿಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಯಾರಿಗೂ ಹೇಳಲಿಲ್ಲ.

"ಹೊರಡದಾ ಕಣವ್ವ?" ಎಂದ ಅಪ್ಪ.

ಅಷ್ಟರಲ್ಲಿ ಗಿರೀಶನ ತಾಯಿ, ಇಲ್ಲಿ ಶುಭಕಾರ್ಯಕ್ಕೆ ಉಡುವ ಬಿಳಿ ಸೀರೆಯುಟ್ಟು ನಗುನಗುತ್ತ ಬಂದು ಅಪ್ಪನಿಗೆ ಕೈಮುಗಿದರು. ಗಿರೀಶನಿಂದ ಇವರೂ ಅಪ್ಪನಿಗೆ ಇದೇ ದಿನ ಬರಲು ಹೇಳಿಕಳಿಸಿದ್ದರಂತೆ. ಸೀಮಂತದಂಥದ್ದು ಏನೋ ಇರಬೇಕು ಎಂದುಕೊಂಡಿದ್ದ ಅಪ್ಪ, ನಾನು ಕರೆದದ್ದೇ ಮುಖ್ಯವೆಂದು ಅದನ್ನು ನನಗೆ ಹೇಳಿರಲಿಲ್ಲ. ಒಳಗೆ ದೀಪ ಹಚ್ಚಿತ್ತು. ಭೋಜನ್ ಚಾಪೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಅರಿಶಿನ ಹಚ್ಚಿದ ಹತ್ತಿಯ ನೂಲು. ಇದೇನು ಎಂದು ಅಪ್ಪ ಕೇಳಿದ. ಕಣ್ಣಿ ಎಂದರು ಭೋಜನ್.

"ಏನ್ ಮಾತು ಅಂತ ಆಡ್ತೀರಿ? ಕಣ್ಣಿ ಹಾಕಕ್ಕೆ ನನ್ ಮಗ್ಳೇನು ಹಸುವೇನ್ರಿ?"

ಗಿರೀಶ್ ಬೆಪ್ಪಾಗಿ ನನ್ನ ಕಡೆ ನೋಡಿದ, ನನ್ನ ಹೆಗಲ ಚೀಲದ ಕಡೆ ನೋಡಿದ, ಎಲ್ಲ ಅರ್ಥವಾಗಿ ಮುಖ ಬಿಳಿಚಿಕೊಂಡಿತು. ಭೋಜನ್ ನಿಧಾನವಾಗಿ ವಿವರಿಸಿದರು. ಇವರ ಹಳೆಯ ಕಟ್ಟಳೆಯಲ್ಲಿ ಮದುವೆಯ ದಿನಕ್ಕೆ ಮದುವೆ ಮುಗಿಯುವುದಿಲ್ಲವಂತೆ. ಬಸುರಿಗೆ ಏಳನೇ ತಿಂಗಳು ಹುಟ್ಟಿದಾಗ ಗಂಡ, ಹೆಂಡತಿಯ ತಂದೆಯ ಒಪ್ಪಿಗೆ ಕೇಳಿ ಈ ನೂಲನ್ನು ಅವಳ ಕೊರಳಿಗೆ ಹಾಕಬೇಕು. ಅಲ್ಲಿಯವರೆಗೆ ಅವಳು ಈ ಮನೆಗೆ ನೆಂಟಳು, ಇರಬಹುದು, ಹೋಗಬಹುದು. ನನಗೆ ಎರಡು ಸಲವೂ ಏಳು ಬಂದೇ ಇರಲಿಲ್ಲ. ನಾಲ್ಕು ವರ್ಷದಿಂದ ನೂಲು ಬೀಳಲೇ ಇಲ್ಲ.

"ಇದು ಅವಳ ಕಟ್ಟದಕ್ಕೆ ಇಲ್ಲೆ," ಎಂದರು ಭೋಜನ್. "ಎಂಗಳ ಕಟ್ಟದಕ್ಕೆ. ಇನ್ನು ಎಂಗ ಅವಳ ಕಳಿಸ ಆಗದು."

ಹಾಗಾದರೆ ಹೆರಿಗೆ ಆದ ಮೇಲೆ ಹಾಕಿ, ಈಗೇನು ಅವಸರ ಎಂದ ಅಪ್ಪ, ಇನ್ನೂ ಗಂಟುಮೋರೆಯಲ್ಲೇ. ಉತ್ತರ ಕೊಟ್ಟದ್ದು ಅತ್ತೆ, ಅಪ್ಪನಿಗಲ್ಲ, ನನಗೆ.

"ಕೂಸು ನಿಂದರೂ ನೀ ಇಲ್ಲಿ, ನಿಲ್ಲದೆ ಹೋದರೂ ನೀ ಇಲ್ಲಿ. ಅದ ಮುಂದಾಗಿ ಹೇಳಬೇಕು. ಆಮೇಲೆ ಹೇಳಿದರೆ ಏನ ಬೆಲೆ?"

ನಾನು ಕುಸಿದು ಕೂತೆ. ಗಿರೀಶ್ ನನ್ನನ್ನು ಎತ್ತಿ ಮಂಚಕ್ಕೆ ತಂದ. ದೀಪ, ತಟ್ಟೆ, ಭೋಜನ್, ಅಪ್ಪ ಎಲ್ಲರೂ ಈ ಸಣ್ಣ ಕೋಣೆಗೆ ಬಂದರು. ಒಬ್ಬರಿಗೂ ನಿಲ್ಲಲು ಜಾಗವಿಲ್ಲ, ಅಪ್ಪ ಪುಸ್ತಕದ ಚೀಲದ ಮೇಲೆ ಕೂತ. ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲೇ ಎಂದು ಗಿರೀಶ್ ಕೇಳಿದ. ಅಪ್ಪ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. "ಹಾಕಪ್ಪ," ಎಂದ, ಕನ್ನಡಕ ಒರೆಸಿಕೊಳ್ಳುತ್ತ.

ಬಿಗಿತ ಸಂಜೆಯ ಹೊತ್ತಿಗೆ ಇಳಿಯಿತು. ಅಪ್ಪ ಕಾರಿನಲ್ಲಿ ಒಬ್ಬನೇ ವಾಪಸು ಹೋದ. ನೂಲು ಎಷ್ಟು ಹಗುರವೆಂದರೆ ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡುತ್ತಿದ್ದೇನೆ.

29 ಡಿಸೆಂಬರ್

ಗಡಿಯಾರದ ಕಥೆ ಓದು ಎಂದರು ಅತ್ತೆ. ಅದು ಮುಗಿಯಿತಲ್ಲ ಎಂದೆ.

"ನೀ ಅಷ್ಟು ಹೊತ್ತು ಓದಿದೆ, ಹಾಳೆ ಒಂದೂ ಮಗುಚಿಲ್ಲೆ," ಎಂದರು. "ಇದ್ದದ್ದ ಓದು."

ಓದಿದೆ. ನಡುವೆ ನಿಲ್ಲಿಸಿ, ನೀರು ಕುಡಿದು, ಓದಿದೆ. ಪಾರಿ ಸತ್ತಳು. ತಾಯಿ ಎದೆ ಬಡಿದುಕೊಂಡು ಅತ್ತಳು. ಹೊಟ್ಟೆಯಲ್ಲಿ ಮಗು ಒಮ್ಮೆ ಹೊರಳಿತು, ಮತ್ತೆ ಸುಮ್ಮನಾಯಿತು, ಅಷ್ಟೇ. ಅತ್ತೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಮುಚ್ಚಿಟ್ಟರು. ಆಮೇಲೆ, ಇದನ್ನು ಬರೆದವನು ಗಂಡಸು ಅಲ್ಲವೇ ಎಂದು ಕೇಳಿದರು. ಹೌದು ಎಂದೆ.

"ಉಡನೆ ಅಳು ಬರದು. ಎನಗ ಬಂದಿಲ್ಲೆ. ಹಸುಗ ಹುಲ್ಲು ಹಾಕುವಾಗ ಬಂತು, ಎಲ್ಲ ಮುಗಿದ ಮೇಲೆ."

ಗಿರೀಶನಿಗಿಂತ ಮುಂಚೆ ಒಂದು ಹೆಣ್ಣುಮಗು ಇತ್ತಂತೆ. ಅವನಿಗೇ ಗೊತ್ತಿಲ್ಲ. ಎರಡನೆಯದು ಹೋದಾಗ ನನಗೆ ಅಳು ಬಂದದ್ದು ಯಾರದೋ ಕರಡಿನಲ್ಲಿ 'ತೊಟ್ಟಿಲು' ಪದದ ಒತ್ತು ಬಿಟ್ಟುಹೋದದ್ದನ್ನು ತಿದ್ದುವಾಗ. ಅದನ್ನು ಅವ್ವೆಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಒತ್ತು ಎಂದರೆ ಏನು ಎಂದು ಕೇಳಿದರು. ಅಂಗೈಯ ಮೇಲೆ ಬರೆದು ತೋರಿಸಿದೆ.

ಸಂಜೆ ಪಟ್ಟಿ ತೆಗೆದು, ಹೊಡೆದ ಹೆಸರುಗಳ ಕೆಳಗೆಲ್ಲ ಚುಕ್ಕೆ ಇಟ್ಟೆ. ಅಂಚಿನಲ್ಲಿ ಉದ್ದಕ್ಕೂ ಒಂದೇ ಗೆರೆ ಎಳೆದು, ಇದ್ದಂತೆ ಇರಲಿ ಎಂದು ಬರೆದೆ. ನಾಳೆಯಿಂದ ರೇಷ್ಮೆ ವ್ಯಾಪಾರಿ.

6 ಜನವರಿ 2025

ಹೆತ್ತೆ ಹಬ್ಬಕ್ಕೆ ಅವ್ವೆ ಬೆಳಿಗ್ಗೆ ಮಂಜಿನಲ್ಲೇ ಹೊರಟರು. ಇಲ್ಲಿ ಹೆತ್ತೆ ಎಂದರೆ ಅಜ್ಜಿ, ದೇವಿಯೂ ಅಜ್ಜಿಯೇ. ನನ್ನ ಕಣ್ಣಿಗೆ ಮಾತ್ರ ಅದು ಕ್ರಿಯಾಪದ: ನಾನು ಹೆತ್ತೆ. ಹಬ್ಬದ ಬ್ಯಾನರಿನ ಫೋಟೋವನ್ನು ಗಿರೀಶ್ ತೋರಿಸಿದಾಗಲೂ ಹಾಗೇ ಓದಿದೆ. ನಾನು ಇನ್ನೂ ಒಮ್ಮೆಯೂ ಬಳಸದ ಕ್ರಿಯಾಪದ.

ರೇಷ್ಮೆ ವ್ಯಾಪಾರಿ ಮುಗಿಯುತ್ತ ಬಂತು. ತೊಟ್ಟಿಲ ಮಗು ಸತ್ತ ಮೇಲೆ ಅದರಲ್ಲಿ ಎಷ್ಟೊಂದು ಕಥೆ ಇದೆ. ಅವ್ವೆಗೆ ಅದರ ಅತ್ತಿಗೆಯ ಮೇಲೆ ವಿಪರೀತ ಸಿಟ್ಟು.

31 ಜನವರಿ

ಹೊಟ್ಟೆ ಕಲ್ಲಾಗುತ್ತದೆ, ಬಿಡುತ್ತದೆ. ಮತ್ತೆ ಕಲ್ಲಾಗುತ್ತದೆ. ದಿನ ಇನ್ನೂ ತುಂಬಿಲ್ಲ. ಭೋಜನ್ ಜೀಪು ತರಲು ಹೋಗಿದ್ದಾರೆ. ಅವ್ವೆ ಚೀಲ ತುಂಬುತ್ತಿದ್ದಾರೆ, ಬಟ್ಟೆ ಮರೆತು ಬರೀ ಪುಸ್ತಕ.

ಭಯವಾಗುತ್ತಿದೆ.

15 ಫೆಬ್ರವರಿ, ಊಟಿ

ಎರಡು ವಾರ ಔಷಧಿ ಕೊಟ್ಟು ತಡೆದರು. ಮೊನ್ನೆ ತಡೆಯಲಾಗಲಿಲ್ಲ. ಹೊಲಿಗೆ ಬಿಚ್ಚಿದರು. ಆಮೇಲೆ ಹೊಟ್ಟೆಯನ್ನೇ ಕೊಯ್ದು ತೆಗೆಯಬೇಕಾಯಿತು. ಅದು ಅಳುವ ಮುಂಚಿನ ಆ ಹೊತ್ತನ್ನು ನಾನು ಬರೆಯುವುದಿಲ್ಲ. ಆಮೇಲೆ ಅತ್ತಿತು. ಹೆಣ್ಣು. ತೂಕ ಕಡಿಮೆ, ಗಾಜಿನ ಕೋಣೆಯಲ್ಲಿ ಇಟ್ಟಿದ್ದಾರೆ, ಉಸಿರು ಮಾತ್ರ ತನ್ನದೇ.

ನನಗೆ ಇನ್ನೂ ಎದ್ದು ಹೋಗಲು ಬಿಟ್ಟಿಲ್ಲ. ಗಾಜಿನ ಕೋಣೆ ನನ್ನ ವಾರ್ಡಿನ ಎದುರಿಗೇ ಇದೆ. ಬಾಗಿಲಲ್ಲಿ ಜೀವಿತಾ ಎಂಬ ನರ್ಸ್, ಪಕ್ಕದ ಹಟ್ಟಿಯ ಹುಡುಗಿ, ಕಟ್ಟುನಿಟ್ಟಿನವಳು. ಇವತ್ತು ಬೆಳಿಗ್ಗೆ ಅವ್ವೆ ಕೈ ತೊಳೆದು, ಚಪ್ಪಲಿ ಬಿಟ್ಟು, ಸೀದಾ ಅಲ್ಲಿಗೆ ಹೋದರು. ಹೆತ್ತ ತಾಯಿಯನ್ನು ಬಿಟ್ಟು ಯಾರೂ ಒಳಗೆ ಬರುವಂತಿಲ್ಲ ಎಂದು ಜೀವಿತಾ ಅವರ ಭಾಷೆಯಲ್ಲೇ ತಡೆದದ್ದು ಕೇಳಿಸಿತು. ನೀ ಯಾರು ಎಂದು ಕೇಳಿದಳು.

"ನಾ ಹೆತ್ತೆ," ಎಂದರು ಅವ್ವೆ.

ನಾನು ಅಜ್ಜಿ ಎಂದು ಹೇಳಿದರು. ನಾನು ಹೆತ್ತೆ ಎಂದು ಕೇಳಿಸಿತು. ಹುಡುಗಿ ಒಂದು ಗಳಿಗೆ ಯೋಚಿಸಿ, ದಾರಿ ಬಿಟ್ಟಳು. ಗಾಜಿನ ಆಚೆ ಅವ್ವೆ ಬಾಗಿ ನಿಂತಿರುವುದು ಇಲ್ಲಿಂದ ಕಾಣುತ್ತಿದೆ. ಒಂದು ಬೆರಳು ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, ಮಗು ಹಿಡಿದುಕೊಂಡಿರಬೇಕು, ಎಷ್ಟು ಹೊತ್ತಾದರೂ ಈಚೆ ಬರುತ್ತಿಲ್ಲ.

ಕೆಂಪು ಪೆನ್ನು ಕೈಯಲ್ಲೇ ಇದೆ. ಇದ್ದಂತೆ ಇರಲಿ.